ನೀಲಿ ಕಾಗದ, ಕಪ್ಪು-ಬಿಳಿ ಚಾಕ್: ಪ್ರೂದೋಂ ಬರೆದ ಈ ದೇಹಗಳಲ್ಲಿ ಬೆಳಕು ಎಲ್ಲಿಂದ ಬರುತ್ತೆ?

ತುಂಗಾದಂಡೆ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಓದಿಗೆಂದು ಬಂದು ಎರಡು ವರ್ಷದಿಂದ ಫ್ರಾನ್ಸಿನ ದಿಜೋಂನಲ್ಲಿದ್ದೀನಿ. ಓದ್ತಿರೋದು ಮಣ್ಣಿನ ರಸಾಯನಶಾಸ್ತ್ರ, ಚಿತ್ರ ಬರೆಯೋದು ಚಿಕ್ಕಂದಿನಿಂದ ಅಂಟಿಕೊಂಡ ಹುಚ್ಚು. ಊರಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸು ಮಾಡಿದ್ದೆ, ಅಲ್ಲಿಗೇ ನಿಂತುಹೋಯ್ತು.

ಹೋದ ಶನಿವಾರ ಸೋನ್ ನದಿ ದಂಡೆಯಲ್ಲಿರೋ ಗ್ರೇ ಅನ್ನೋ ಸಣ್ಣ ಊರಿಗೆ ಹೋಗಿದ್ದೆ. ಗುಡ್ಡದ ಮೇಲೊಂದು ಹಳೇ ಅರಮನೆ, ಅದರೊಳಗೆ ಬಾರೋಂ ಮಾರ್ತಾಂ ವಸ್ತುಸಂಗ್ರಹಾಲಯ. ಅಲ್ಲಿ ಪಿಯೇರ್-ಪೋಲ್ ಪ್ರೂದೋಂ (1758–1823) ಅನ್ನೋ ಕಲಾವಿದನ ಚಾಕ್ ಚಿತ್ರಗಳಿವೆ. ನೀಲಿ ಕಾಗದದ ಮೇಲೆ ಬರೀ ಕಪ್ಪು ಮತ್ತು ಬಿಳಿ ಚಾಕ್‌ನಲ್ಲಿ ಬರೆದ ಮನುಷ್ಯ ದೇಹ. ಒಂದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಎದೆ, ಹೊಟ್ಟೆ, ಭುಜದ ಮೇಲೆಲ್ಲ ಹುಣ್ಣಿಮೆ ಬೆಳಕು ಬಿದ್ದ ಹಾಗೆ. ಕಾಲಿನ ಕಡೆ ಬರ್ತಾ ಬರ್ತಾ ನಾಲ್ಕು ಗೆರೆ ಎಳೆದು ಬಿಟ್ಟುಬಿಟ್ಟಿದ್ದಾನೆ. ಆದರೂ ಕಾಲು ಇಲ್ಲ ಅನ್ನಿಸೋದೇ ಇಲ್ಲ.

ರೂಮಿಗೆ ಬಂದವಳೇ ನೀಲಿ ಹಾಳೆ ತಂದು ನಾನೂ ಕೂತೆ. ಮೂರು ಸಂಜೆ ಹೋಯ್ತು. ಮೈಗೆಲ್ಲ ವಿಭೂತಿ ಬಳಿದುಕೊಂಡವರ ಹಾಗೆ ಬಂತೇ ಹೊರತು ಬೆಳಕು ಬರಲಿಲ್ಲ. ನನ್ನ ಪ್ರಶ್ನೆಗಳು: ಕಾಗದ ನೀಲಿ ಯಾಕೆ? ಬಿಳಿ ಚಾಕ್ ಮೊದಲೋ ಕೊನೆಗೋ? ಅವನು ಉಜ್ಜಿದ್ದಾನೋ, ಗೆರೆ ಎಳೆದಿದ್ದಾನೋ? ಹತ್ತಿರ ಹೋದರೆ ಗೆರೆ ಕಾಣುತ್ತೆ, ಎರಡು ಹೆಜ್ಜೆ ಹಿಂದೆ ಬಂದರೆ ಹೊಗೆ ಥರ ಮೆತ್ತಗೆ ಕಾಣುತ್ತೆ.

ಮಂಜಿನಹನಿ

ಪ್ರುಡ್‌ಹಾನ್ ಅಂದ್ರೆ ಆಸ್ತಿ ಬೇಡ, ಸರ್ಕಾರ ಬೇಡ ಅಂದ ಚಿಂತಕ ಅಲ್ವಾ? ಅವನು ಚಿತ್ರಾನೂ ಬರೀತಿದ್ನಾ?

ಚಿತ್ರಕ್ಕ

ಅಲ್ಲ ಕಣ್ರೀ, ಅವನು ಪಿಯೇರ್-ಜೋಸೆಫ್ ಪ್ರೂದೋಂ. ಅವನ ಚಿತ್ರವನ್ನ ಕೂರ್ಬೆ ಅನ್ನೋ ಚಿತ್ರಗಾರ 1865ರಲ್ಲಿ ಬರೆದ. ಹೆಸರು ಕಿವಿಗೆ ಒಂದೇ ಥರ ಕೇಳುತ್ತೆ, ಬರೆಯೋ ಅಕ್ಷರ ಬೇರೆ, ಮನುಷ್ಯರೂ ಬೇರೆ. ನಮ್ಮ ಚಿತ್ರಗಾರ ಅವನಿಗಿಂತ ಐವತ್ತು ವರ್ಷ ದೊಡ್ಡವನು. ನೆಪೋಲಿಯನ್ನನ ಮೊದಲ ಹೆಂಡತಿ ಜೋಸೆಫಿನ್ ರಾಣಿ ಕಾಡಿನ ನಡುವೆ ಕೂತಿರೋ ಚಿತ್ರ ನೋಡಿದ್ದೀರಾ, 1805ರದ್ದು, ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ‌ನಲ್ಲಿದೆ? ಅದು ಇವನದೇ. ಆಮೇಲೆ ನೆಪೋಲಿಯನ್ನನ ಎರಡನೇ ಹೆಂಡತಿ ಮಾರಿ-ಲೂಯಿಸ್‌ಗೆ ಡ್ರಾಯಿಂಗ್ ಹೇಳಿಕೊಡ್ತಿದ್ದವನೂ ಇವನೇ. ಅವರ ಮಗುವಿಗೆ 1811ರಲ್ಲಿ ಮಾಡಿಸಿದ ತೊಟ್ಟಿಲಿನ ವಿನ್ಯಾಸ ಕೂಡ ಇವನದು.

ಇದ್ದಿಲುಮೇಷ್ಟ್ರು

ತಂಗಿ, ಪ್ರಶ್ನೆ ಭಾಳ ಚಲೋ ಕೇಳೀರಿ. ನಾ ಧಾರವಾಡದಾಗ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದಾಂವ. ನಿಮ್ಮ ತಪ್ಪು ಎಲ್ಲಾಗೇತಿ ನೋಡದೇನ ಹೇಳ್ತೀನಿ: ನೀವು ಇಡೀ ಮೈಗೆ ಬಿಳಿ ಬಳದೀರಿ. ವಿಭೂತಿ ಅಂತ ನೀವ ಅಂದ್ರಿ, ಅದರಾಗ ಉತ್ತರ ಐತಿ.

ನೀಲಿ ಕಾಗದ ಅಂದ್ರ ಅದು ಹಿನ್ನೆಲೆ ಅಲ್ರಿ, ಅದು ಮೂರನೇ ಬಣ್ಣ. ಬಿಳಿ ಹಾಳಿ ಮ್ಯಾಲೆ ಪೆನ್ಸಿಲ್ ಹಿಡದ್ರ ಬೆಳಕಿನಿಂದ ಶುರು ಮಾಡಿ ಕತ್ತಲಿ ಕಡೆ ಹೋಗಬೇಕು, ಇಡೀ ದಾರಿ ನೀವ ನಡೀಬೇಕು. ನೀಲಿ ಹಾಳಿ ಮ್ಯಾಲೆ ಹಂಗಲ್ಲ. ನಡುವಿನ ಟೋನ್ ಮೊದಲ ಕುಂತೇತಿ. ನೆರಳಿಗಿ ಕಪ್ಪು, ಬೆಳಕು ಬೀಳೋ ಜಾಗಕ್ಕ ಬಿಳಿ. ಎರಡರ ನಡುವ ಕಾಗದ ಬಿಡಬೇಕು. ಕಪ್ಪು ಬಿಳಿ ಒಂದಕ್ಕೊಂದು ತಾಕಿ ಕಲಸಿದ್ರ ಬೂದಿ ಆಗತೈತಿ. ನಿಮಗ ಆಗಿದ್ದು ಅದ.

ಉಜ್ಜಬ್ಯಾಡ್ರಿ. ಹೆಬ್ಬಟ್ಟಿಲೆ ಉಜ್ಜೋ ಹುಡುಗರಿಗೆ ನಾ ಎಂದೂ ಮಾರ್ಕ್ಸ್ ಕೊಟ್ಟಾಂವ ಅಲ್ಲ.

ಕ್ಯಾನ್ವಾಸು

ಮೇಷ್ಟ್ರೇ, ಗೌರವದಿಂದಲೇ ಹೇಳ್ತೀನಿ, ಆದರೆ ಪ್ರೂದೋಂ ಉಜ್ಜಿದ್ದಾನೆ! ಅರ್ಧಕ್ಕೆ ಬಿಟ್ಟ ಹಾಳೆಗಳ ದೊಡ್ಡ ಫೋಟೋ ತೆಗೆದು ನೋಡಿ. ಮೊದಲು ನೆರಳಿನ ಜಾಗಕ್ಕೆ ಕಪ್ಪು ಹಾಕಿ ಸ್ಟಂಪಿನಿಂದ, ಅಂದರೆ ಕಾಗದ ಬಿಗಿಯಾಗಿ ಸುತ್ತಿ ಮಾಡಿದ ಕಡ್ಡಿಯಿಂದ, ಹರಡಿದ್ದಾನೆ, ಸ್ಪಷ್ಟವಾಗಿ ಕಾಣುತ್ತೆ. ಗೆರೆಗಳು ಅದರ ಮೇಲೆ ಬಂದಿವೆ.

ಇದ್ದಿಲುಮೇಷ್ಟ್ರು

ಸ್ಟಂಪಿಲೆ ಹರಡೋದು ಬ್ಯಾರೆ, ಹೆಬ್ಬಟ್ಟಿಲೆ ಉಜ್ಜೋದು ಬ್ಯಾರೆ.

ಕ್ಯಾನ್ವಾಸು

ಎರಡೂ ಉಜ್ಜೋದೇ ಅಲ್ವಾ ಸರ್.

ಚಿತ್ರಕ್ಕ

ಇಬ್ಬರ ಮಾತೂ ಸರಿ ಇದೆ, ಕ್ರಮ ಗೊತ್ತಾದರೆ ಜಗಳ ಮುಗಿಯುತ್ತೆ. ನಾನು ಮೈಸೂರಲ್ಲಿ ಕಲಿಯೋವಾಗ ಇವನ ಒಂದು ಚಿತ್ರವನ್ನ ಆರು ಸಲ ಕಾಪಿ ಮಾಡಿದ್ದೀನಿ, ಅದಕ್ಕೇ ಧೈರ್ಯವಾಗಿ ಹೇಳ್ತಿದ್ದೀನಿ. ಮೊದಲು ಕಪ್ಪು ಚಾಕ್‌ನಲ್ಲಿ ಹಗುರವಾಗಿ ಹೊರಗೆರೆ. ಆಮೇಲೆ ನೆರಳಿನ ದೊಡ್ಡ ದೊಡ್ಡ ಜಾಗ ತುಂಬಿ ಸ್ಟಂಪಿನಿಂದ ಮೆತ್ತಗೆ ಹರಡೋದು. ಇಲ್ಲಿಗೆ ನಿಲ್ಲಿಸಿದರೆ ಚಿತ್ರ ಮಂಕು, ಮಂಜು ಕವಿದ ಹಾಗೆ. ಅವನ ಕೈಚಳಕ ಇರೋದು ಮುಂದಿನ ಹಂತದಲ್ಲಿ: ಆ ಮೆತ್ತನೆ ನೆರಳಿನ ಮೇಲೆ ಮತ್ತೆ ಗೆರೆ ಎಳೀತಾನೆ. ಆ ಗೆರೆ ಅಡ್ಡಾದಿಡ್ಡಿ ಹೋಗಲ್ಲ, ಪಕ್ಕೆಲುಬಿನ ಮೇಲೆ ಹತ್ತಿ ಇಳಿಯುತ್ತೆ, ತೊಡೆ ಸುತ್ತ ಸುತ್ತುತ್ತೆ. ಬಿಳೀನೂ ಹಾಗೇ ಗೆರೆಯಾಗಿ. ಬೇಕಾದ ಕಡೆ ಆ ಗೆರೆಯನ್ನೂ ಸ್ವಲ್ಪ ಹರಡಿ, ಮತ್ತೆ ಗೆರೆ. ಹೀಗೆ ಪದರದ ಮೇಲೆ ಪದರ. ಅದಕ್ಕೇ ದೂರದಿಂದ ಹೊಗೆ, ಹತ್ತಿರದಿಂದ ಗೆರೆ.

ಮೇಷ್ಟ್ರು ಹೇಳಿದ ಬೂದಿ ವಿಷಯ ಮಾತ್ರ ನೂರಕ್ಕೆ ನೂರು ಸತ್ಯ. ಒಂದು ಸ್ಟಂಪ್ ಕಪ್ಪಿಗೆ, ಇನ್ನೊಂದು ಬಿಳಿಗೆ. ಅದಲು ಬದಲಾದರೆ ಅಲ್ಲಿಗೆ ಕೆಟ್ಟಿತು.

ತುಂಗಾದಂಡೆ

ಅಯ್ಯೋ, ನಾನು ಎರಡಕ್ಕೂ ಒಂದೇ ಸ್ಟಂಪ್ ಬಳಸಿದ್ದೆ ಅಕ್ಕ. ಮತ್ತೆ ಹೊಟ್ಟೆ ಪೂರ್ತಿ ಬಿಳಿ ತುಂಬಿದ್ದೆ.

ಕಾವಿಗೋಡೆ

ನನಗೊಂದು ಸಂಶಯ ಮಾರಾಯ್ರೆ. ಈ ಚಾಕ್ ಅಂದ್ರೆ ನಮ್ಮ ಶಾಲೆಯ ಸೀಮೆಸುಣ್ಣವಾ? ಅದರಲ್ಲಿ ಇಷ್ಟು ನಯ ಹೇಗೆ ಬರ್ತದೆ?

ಹಳೇಕಾಗದ

ಅಲ್ಲ. ಇಲ್ಲಿ ಚಾಕ್ ಅಂದರೆ ನೆಲದಿಂದ ತೆಗೆದು ಕಡ್ಡಿಯಾಗಿ ಕುಯ್ದ ಕಲ್ಲು. ಕಪ್ಪು ಚಾಕ್‌ಗೆ ಫ್ರೆಂಚರು ‘ಪಿಯೇರ್ ನುವಾರ್’, ಕರಿಕಲ್ಲು, ಅಂತಲೇ ಕರೀತಾರೆ. ಇಂಗಾಲ ಬೆರೆತ ಜೇಡಿಪದರದ ಕಲ್ಲು ಅದು. ಕೆಂಪು ಚಾಕ್ ಅಂದರೆ ಕಬ್ಬಿಣದ ಅಂಶ ಇರುವ ಜೇಡಿ. ಬಿಳಿಗೆ ಸುಣ್ಣದ ಕಲ್ಲಿನ ಪುಡಿ. ಈ ಮೂರನ್ನೂ ಒಟ್ಟಿಗೆ ಬಳಸೋ ಪದ್ಧತಿ ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಬಹಳ ಇತ್ತು. ವಾತ್ತೋ ಅನ್ನೋ ಚಿತ್ರಗಾರ ಅದರಲ್ಲಿ ಪಳಗಿದ ಕೈ. ಹತ್ತೊಂಬತ್ತನೇ ಶತಮಾನಕ್ಕೆ ಬರುವಷ್ಟರಲ್ಲಿ ಕೆಂಪು ಹಿಂದೆ ಸರಿದು ಕಪ್ಪು ಮೇಲಾಯ್ತು.

ನಾನು ಹಳೇ ಕಾಗದ, ಓಲೆಗರಿ ಸಂರಕ್ಷಣೆ ಕೆಲಸದಲ್ಲಿರೋನು. ಕಾಗದದ ಪ್ರಶ್ನೆಗೆ ಆಮೇಲೆ ಬರ್ತೀನಿ, ಅದು ಉದ್ದ ಇದೆ.

ತುಂಗಾದಂಡೆ

ಕೆಂಪು ಚಾಕ್ ವಿಷಯ ನನ್ನ ಓದಿನದೇ! ಅದು ಹೆಮಟೈಟ್, ಕಬ್ಬಿಣದ ಆಕ್ಸೈಡ್. ನಮ್ಮ ಕೆಮ್ಮಣ್ಣು ಕೆಂಪಾಗಿರೋದೂ ಅದರಿಂದಲೇ. ಫ್ರೆಂಚಿನಲ್ಲಿ ಅದಕ್ಕೆ ‘ಸಾಂಗೀನ್’ ಅಂತಾರೆ, ರಕ್ತ ಅನ್ನೋ ಪದದಿಂದ ಬಂದದ್ದು.

ಕಾವಿಗೋಡೆ

ಹಾಗಾದ್ರೆ ಅದು ನಮ್ಮ ಹುರಮಂಜಿಯ ನೆಂಟ. ನಮ್ಮ ಕರಾವಳಿಯ ಹಳೇ ದೇವಸ್ಥಾನದ ಗೋಡೆಗಳಲ್ಲಿ ಕಾವಿ ಕಲೆ ಉಂಟಲ್ಲ, ಅದು ಗೊತ್ತುಂಟಾ? ಬಿಳಿ ಸುಣ್ಣದ ಗಾರೆ ಮೇಲೆ ಕೆಂಪು ಪದರ ಕೊಡ್ತಾರೆ, ಅದು ಹಸಿ ಇರುವಾಗಲೇ ಕೆರೆದು ತೆಗೀತಾರೆ. ಕೆರೆದಲ್ಲಿ ಒಳಗಿನ ಬಿಳಿ ಕಾಣ್ತದೆ, ಅದೇ ಚಿತ್ರ. ಅಲ್ಲಿಯೂ ಅಷ್ಟೇ, ಕೆಳಗಿರುವ ಗಾರೆಯೇ ಅರ್ಧ ಕೆಲಸ ಮಾಡುವುದು. ಮೇಷ್ಟ್ರು ಕಾಗದದ ಬಗ್ಗೆ ಹೇಳಿದಾಗ ನನಗೆ ಅದೇ ನೆನಪಾಯಿತು. ಫ್ರಾನ್ಸಿಗೂ ಅದಕ್ಕೂ ಸಂಬಂಧ ಇಲ್ಲ, ಗೊತ್ತು. ಹೇಳದೆ ಇರ್ಲಿಕ್ಕೆ ಆಗ್ಲಿಲ್ಲ.

ಚಿತ್ರಕ್ಕ

ಹೇಳಿದ್ದು ಒಳ್ಳೇದಾಯ್ತು. ಕಾವಿ ಕಲೆ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಫೋಟೋ ಹಾಕಿ.

ಅರಳೀಕಟ್ಟೆ

ಚರ್ಚೆ ಚೆನ್ನಾಗಿದೆ. ಆದರೆ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಇವೆಲ್ಲ ನಗ್ನ ಚಿತ್ರಗಳು. ಕಲೆ ಎಂದರೆ ಒಪ್ಪಬೇಕು, ಒಪ್ಪುತ್ತೇನೆ. ಆದರೆ ಮೈಮೇಲೆ ಬಟ್ಟೆ ಇಲ್ಲದ ಮನುಷ್ಯರನ್ನೇ ಇಷ್ಟೊಂದು ಬರೆಯುವ ಅಗತ್ಯವೇನಿತ್ತು? ಮಕ್ಕಳು ಕಲಿಯುವುದಕ್ಕೆ ಮರ, ಬೆಟ್ಟ, ಹಣ್ಣು ಸಾಲದೆ?

ಇದ್ದಿಲುಮೇಷ್ಟ್ರು

ಹಿರಿಯರು ನೇರ ಕೇಳೀರಿ, ನೇರ ಹೇಳ್ತೀನಿ. ಅಲ್ಲಿಯ ಪದ್ಧತಿಯೊಳಗ ದೊಡ್ಡ ಚಿತ್ರ ಅಂದ್ರ ಪುರಾಣ, ಇತಿಹಾಸ, ಯುದ್ಧ. ಅದರಾಗ ಇಪ್ಪತ್ತು ಮೂವತ್ತು ಮಂದಿ ಇರತಾರ. ಬಟ್ಟಿ ಒಳಗಿನ ಮೈ ಹೆಂಗ ತಿರುಗತೈತಿ ಅನ್ನೋದು ಗೊತ್ತಿಲ್ಲಂದ್ರ ಬಟ್ಟೀನೂ ಬರೀಲಿಕ್ಕೆ ಬರೂದಿಲ್ಲ. ಅದಕ್ಕ ಈ ಅಭ್ಯಾಸ. ಇಂಥ ಚಿತ್ರಕ್ಕ ಹೆಸರ ‘ಅಕಾದೆಮೀ’ ಅಂತ, ಅಂದ್ರ ಶಾಲಿಯೊಳಗಿನ ಅಭ್ಯಾಸ.

ಅದಕ್ಕೂ ಹುಡುಗರನ್ನ ನೇರ ಬಿಡ್ತಿರಲಿಲ್ರಿ. ಮೊದಲ ಅಚ್ಚಿನ ಚಿತ್ರ ನೋಡಿ ಕಾಪಿ: ಬರೀ ಕಣ್ಣು, ಬರೀ ಕಿವಿ, ಬರೀ ಪಾದ. ಅದು ಬಂದ ಮ್ಯಾಲೆ ಗ್ರೀಕ್ ಮೂರ್ತಿಗಳ ಪ್ಲಾಸ್ಟರ್ ಅಚ್ಚು. ಅದೂ ಪಾಸಾದ್ರ ಆಮ್ಯಾಲೆ ಜೀವಂತ ಮಾಡೆಲ್. ಮುಂಬಯಿ ಜೆ.ಜೆ. ಆರ್ಟ್ ಸ್ಕೂಲಿನಾಗೂ ಇದ ಕ್ರಮ ಇತ್ತು: ಆಂಟಿಕ್ ಸ್ಟಡಿ, ಮುಂದ ಲೈಫ್ ಸ್ಟಡಿ. ನಮ್ಮ ಗುರುಗಳು ಅಲ್ಲೇ ಕಲ್ತು ಬಂದವರು. ಅವರು ನನ್ನ ಕಡಿಂದ ಒಂದ ಪ್ಲಾಸ್ಟರ್ ಪಾದಾನ ಒಂದು ತಿಂಗಳು ಬರಿಸ್ಯಾರ. ಆಗ ಸಿಟ್ಟು ಬರ್ತಿತ್ತು. ಈಗ ಆ ಪಾದ ಕಣ್ಣು ಮುಚ್ಚಿ ಬರೀತೀನಿ.

ಹಳೇಕಾಗದ

ಮೇಷ್ಟ್ರ ಮಾತಿಗೆ ಎರಡು ಸೇರಿಸ್ತೀನಿ. ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್, ಅಂದರೆ ಸರ್ಕಾರಿ ಕಲಾಶಾಲೆಯಲ್ಲಿ 1863ರವರೆಗೆ ಪೇಂಟಿಂಗ್ ಕಲಿಸ್ತಲೇ ಇರಲಿಲ್ಲ, ಕಲಿಸ್ತಿದ್ದದ್ದು ಡ್ರಾಯಿಂಗ್ ಮಾತ್ರ. ಬಣ್ಣ ಕಲಿಯಬೇಕಾದರೆ ಹೊರಗೆ ಯಾರಾದರೂ ಕಲಾವಿದರ ಅಟೆಲಿಯೆ, ಅಂದರೆ ಚಿತ್ರ ಬರೆಯೋ ಕೋಣೆ, ಸೇರಬೇಕಿತ್ತು. 1863ರ ಸುಧಾರಣೆ ಆದಮೇಲೆ ಜೆರೋಮ್, ಕಬನೆಲ್, ಪಿಲ್ಸ್ ಶಾಲೆಯೊಳಗೇ ಪೇಂಟಿಂಗ್ ಕಲಿಸೋಕೆ ಶುರು ಮಾಡಿದ್ರು. ಡ್ರಾಯಿಂಗಿಗೆ ಎಷ್ಟು ತೂಕ ಇತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನೊಂದು, ಹಳೇ ರಾಜರ ಕಾಲದ ಅಕಾಡೆಮಿಯಲ್ಲಿ ಮಾಡೆಲ್ ಆಗಿ ನಿಲ್ತಿದ್ದದ್ದು ಗಂಡಸರು ಮಾತ್ರ. ಹೆಂಗಸರು ಮಾಡೆಲ್ ಆಗ್ತಿದ್ದದ್ದು ಖಾಸಗಿ ಅಟೆಲಿಯೆಗಳಲ್ಲಿ. ಪ್ರೂದೋಂ ಬರೆದ ಹೆಂಗಸರ ಚಿತ್ರಗಳು ಅಂಥ ಖಾಸಗಿ ಕೋಣೆಯವು.

ಅರಳೀಕಟ್ಟೆ

ಬಟ್ಟೆಯೊಳಗಿನ ಮೈ ಗೊತ್ತಿಲ್ಲದಿದ್ದರೆ ಬಟ್ಟೆಯೂ ಬರುವುದಿಲ್ಲ ಎಂಬ ಮಾತು ಹಿಡಿಸಿತು ಮೇಷ್ಟ್ರೇ. ನಮ್ಮ ತಂದೆ ದರ್ಜಿ. ಅವರೂ ಇದೇ ಮಾತು ಹೇಳುತ್ತಿದ್ದರು.

ಚಿತ್ರಕ್ಕ

ಅಲ್ಲಿ ನಿಂತವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ, ಚಳೀಲಿ, ಕೋಲು ಹಿಡಿದೋ ಹಗ್ಗ ಹಿಡಿದೋ ನಿಲ್ಲಬೇಕು. ಅದೇ ಭಂಗಿ ಮಾರನೇ ದಿನವೂ ಬರಬೇಕು. ಹತ್ತೊಂಬತ್ತನೇ ಶತಮಾನದ ನಡುವಿನಿಂದಾಚೆಗೆ ಪ್ಯಾರಿಸ್ಸಿನಲ್ಲಿ ಈ ಕೆಲಸಕ್ಕೆ ಇಟಲಿಯಿಂದ ಹೊಟ್ಟೆಪಾಡಿಗೆ ಬಂದ ಬಡ ಕುಟುಂಬಗಳೇ ಹೆಚ್ಚು. ಪ್ಲಾಸ್ ಪಿಗಾಲ್ ಚೌಕದಲ್ಲಿ ಬೆಳಿಗ್ಗೆ ಕಾರಂಜಿ ಹತ್ತಿರ ಕೆಲಸಕ್ಕಾಗಿ ಕಾಯ್ತಾ ನಿಲ್ತಿದ್ರು. ನಮ್ಮೂರಲ್ಲಿ ಕೂಲಿಯವರು ಸರ್ಕಲ್‌ನಲ್ಲಿ ನಿಲ್ಲೋ ಹಾಗೇ. ಎಷ್ಟೋ ದೇವತೆಗಳು, ವೀರರು ಅಂತ ನಾವು ನೋಡೋ ಮೈಗಳು ಇವರವು. ಬಹುಪಾಲು ಜನರ ಹೆಸರು ಎಲ್ಲೂ ಉಳಿದಿಲ್ಲ. ಪ್ರೂದೋಂಗೆ ಪದೇ ಪದೇ ಕೂತ ಮಾರ್ಗರೀತ್ ಅನ್ನೋ ಹೆಂಗಸಿನ ಹೆಸರಾದರೂ ಉಳಿದಿದೆ, ಅಷ್ಟು ಸಮಾಧಾನ.

ಕ್ಯಾನ್ವಾಸು

ನಾನು ಒಂದು ತಕರಾರು ಎತ್ತಲೇಬೇಕು. ನಾನು ದಿನಾ ಟ್ಯಾಬ್ಲೆಟ್ ಮೇಲೆ ಚಿತ್ರ ಬರೆದು ಬದುಕೋನು. ಇಷ್ಟೆಲ್ಲ ಪದರ, ಇಷ್ಟೆಲ್ಲ ಗೆರೆ, ಕೊನೆಗೆ ಬರೋದು ಫೋಟೋ ಥರದ ಒಂದು ಮೈ. ಕ್ಯಾಮೆರಾ ಬಂದಮೇಲೆ ಇದಕ್ಕೆ ಅರ್ಥ ಏನು? ನೈಪುಣ್ಯ ಅಂತ ಒಪ್ಪಬಹುದು. ಕಲೆ ಅಂತ ಒಪ್ಪೋಕೆ ನನಗೆ ಕಷ್ಟ.

ಹಳೇಕಾಗದ

ಪ್ರೂದೋಂ ತೀರಿಕೊಂಡದ್ದು 1823ರಲ್ಲಿ. ದಾಗೆರ್ ತನ್ನ ಕ್ಯಾಮೆರಾ ವಿಧಾನವನ್ನು ಜಗತ್ತಿಗೆ ತೋರಿಸಿದ್ದು 1839ರಲ್ಲಿ.

ಕ್ಯಾನ್ವಾಸು

ಸರಿ, ಅವನ ಮಟ್ಟಿಗೆ ಆ ವಾದ ನಿಲ್ಲಲ್ಲ. ಆಮೇಲಿನವರ ಬಗ್ಗೆ ಹೇಳಿ.

ಚಿತ್ರಕ್ಕ

ಆಮೇಲಿನವರು ಕ್ಯಾಮೆರಾ ಕಂಡು ಹೆದರಿ ಓಡಿಹೋಗಲಿಲ್ಲ. ದೆಲಾಕ್ರುವಾ 1854ರಲ್ಲಿ ದ್ಯುರಿಯು ಅನ್ನೋ ಫೋಟೋಗ್ರಾಫರ್ ಜೊತೆ ಕೂತು ಮಾಡೆಲ್‌ಗಳ ಫೋಟೋ ತೆಗೆಸಿದ, ಅವನ್ನ ನೋಡಿ ಡ್ರಾಯಿಂಗ್ ಅಭ್ಯಾಸ ಮಾಡಿದ. ಅದೇ ದೆಲಾಕ್ರುವಾ 1846ರಲ್ಲಿ ಪ್ರೂದೋಂ ಬಗ್ಗೆ ಒಂದು ದೊಡ್ಡ ಲೇಖನವನ್ನೇ ಬರೆದಿದ್ದ. ಬಣ್ಣದ ಮನುಷ್ಯ ಅವನು, ಗಲಾಟೆಯ ಚಿತ್ರಗಳವನು. ಅಂಥವನಿಗೇ ಈ ಮೌನದ ಮನುಷ್ಯ ಯಾಕೆ ಬೇಕಾಗಿದ್ದ, ಯೋಚಿಸಿ.

ಮತ್ತೆ ಫೋಟೋ ಥರ ಅಂತೀರಲ್ಲ, ಅದನ್ನ ಒಪ್ಪಲ್ಲ. ಫೋಟೋದಲ್ಲಿ ಬೆಳಕು ಒಂದೇ ಸಲ ಬಂದು ಬೀಳುತ್ತೆ. ಇಲ್ಲಿ ಅವನು ಎದೆಯಿಂದ ಭುಜಕ್ಕೆ, ಭುಜದಿಂದ ಕತ್ತಿಗೆ ಬೆಳಕನ್ನ ಕೈ ಹಿಡಿದು ನಡೆಸಿಕೊಂಡು ಹೋಗ್ತಾನೆ. ಪಾದದ ಹತ್ತಿರ ಸಾಕು ಅನ್ನಿಸಿತು, ನಿಲ್ಲಿಸಿದ. ಯಾವ ಕ್ಯಾಮೆರಾ ಹಾಗೆ ನಿಲ್ಲಿಸುತ್ತೆ?

ಮಂಜಿನಹನಿ

ಈ ಉತ್ತರ ಸೇವ್ ಮಾಡಿಕೊಂಡೆ.

ಕ್ಯಾನ್ವಾಸು

ಪಾದದ ಮಾತು ಒಪ್ಪಿದೆ ಅಕ್ಕ. ಹಾಗಾದರೆ ನನಗೆ ಅದೇ ಶತಮಾನದ ಸೆರಾ ಇನ್ನೂ ಹತ್ತಿರ ಅನ್ನಿಸ್ತಾನೆ. ಅವನ ಚಿತ್ರದಲ್ಲಿ ಹೊರಗೆರೆಯೇ ಇಲ್ಲ. ಕತ್ತಲು ಸೇರಿ ಸೇರಿ ಮನುಷ್ಯ ಆಗ್ತಾನೆ.

ಹಳೇಕಾಗದ

ಜಾರ್ಜ್ ಸೆರಾ, 1859ರಿಂದ 1891. ಬದುಕಿದ್ದು ಬರೀ 31 ವರ್ಷ. ಅವನ ಹೆಸರು ಬಂದದ್ದು ಒಳ್ಳೇದು, ಯಾಕಂದರೆ ಕಾಗದದ ಕಥೆ ಹೇಳೋಕೆ ಇಬ್ಬರೂ ಬೇಕು.

ಮೊದಲು ನೀಲಿ. ಆ ಕಾಲದ ಕಾಗದ ಮರದ ತಿರುಳಿನದಲ್ಲ, ಹಳೇ ಬಟ್ಟೆ ಚಿಂದಿಯದು. ಬಿಳಿ ಚಿಂದಿಯಿಂದ ಬಿಳಿ ಕಾಗದ, ನೀಲಿ ಚಿಂದಿಯಿಂದ ನೀಲಿ ಕಾಗದ. ನೀಲಿಯಲ್ಲಿ ನಾರು ಸ್ವಲ್ಪ ಒರಟು, ಬೆಲೆಯೂ ಕಡಿಮೆ, ಹಾಗಾಗಿ ಸಾಮಾನು ಕಟ್ಟೋದಕ್ಕೂ ಬಳಸ್ತಿದ್ರು. ವೆನಿಸ್ಸಿನ ಕಲಾವಿದರು ಹದಿನಾರನೇ ಶತಮಾನದಲ್ಲೇ ಅದನ್ನ ಚಿತ್ರಕ್ಕೆ ಹಿಡಿದಿದ್ರು. ಆ ಒರಟುತನವೇ ಚಾಕ್‌ನ ಪುಡಿಯನ್ನ ಹಿಡಿದುಕೊಳ್ಳೋದು. ನುಣುಪು ಕಾಗದದ ಮೇಲೆ ಚಾಕ್ ಜಾರುತ್ತೆ.

ಇನ್ನು ಸೆರಾ. ಅವನು ಬಳಸಿದ್ದು ಕೋಂತೆ ಕ್ರೇಯಾನ್ ಅನ್ನೋ ಕಪ್ಪು ಕಡ್ಡಿ, ಬರೆದದ್ದು ಮಿಷಲೆ ಅನ್ನೋ ಒರಟು ಕಾಗದದ ಮೇಲೆ. ಮಿಷಲೆಯಲ್ಲಿ ಸಣ್ಣ ಸಣ್ಣ ದಿಬ್ಬ-ತಗ್ಗು ಇರುತ್ತೆ. ಕ್ರೇಯಾನ್ ಹಗುರವಾಗಿ ಆಡಿಸಿದರೆ ದಿಬ್ಬಕ್ಕೆ ಮಾತ್ರ ಕಪ್ಪು ಹತ್ತುತ್ತೆ, ತಗ್ಗು ಬಿಳಿಯಾಗೇ ಉಳಿಯುತ್ತೆ. ಒತ್ತಿದರೆ ತಗ್ಗೂ ತುಂಬುತ್ತೆ. ಅವನಿಗೆ ಬಿಳಿ ಚಾಕ್ ಹೆಚ್ಚಾಗಿ ಬೇಕಾಗಲೇ ಇಲ್ಲ, ಕಾಗದದ ತಗ್ಗುಗಳೇ ಬೆಳಕು. ಪ್ರೂದೋಂ ಕಾಗದವನ್ನ ನಡುವಿನ ಬೆಳಕಾಗಿ ಬಿಟ್ಟ, ಸೆರಾ ಅದನ್ನೇ ಪೂರ್ತಿ ಬೆಳಕಾಗಿ ಬಿಟ್ಟ.

ತನ್ನ ಗೆಳೆಯ ಅಮಾಂ-ಜಾಂನ ಚಿತ್ರ ಬರೆದು ಸೆರಾ 1883ರ ಸಲೋಂ ಪ್ರದರ್ಶನಕ್ಕೆ ಕಳಿಸಿದ, ಅದು ಆಯ್ಕೆಯೂ ಆಯ್ತು. ಅದು ಬರೀ ಕಪ್ಪು ಕ್ರೇಯಾನಿನ ಚಿತ್ರ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಮಾರನೇ ವರ್ಷ ಅಸ್ನಿಯೇರ್ ಅನ್ನೋ ಊರಿನ ನದಿ ದಂಡೇಲಿ ಸ್ನಾನಕ್ಕೆ ಬಂದವರ ದೊಡ್ಡ ತೈಲಚಿತ್ರ ಕಳಿಸಿದ್ರೆ ಅದನ್ನ ತಿರಸ್ಕರಿಸಿದರು! ಆ ತೈಲಚಿತ್ರಕ್ಕೆ ಮುಂಚೆ ಒಬ್ಬೊಬ್ಬ ಹುಡುಗನನ್ನೂ ಬೇರೆ ಬೇರೆ ಕೂರಿಸಿ ಕೋಂತೆಯಲ್ಲಿ ಬರೆದಿದ್ದಾನೆ. ಅವನೂ ಅದೇ ಬೋಜಾರ್‌ಗೆ 1878ರಲ್ಲಿ ಸೇರಿ, ಅದೇ ಪ್ಲಾಸ್ಟರ್, ಅದೇ ಮಾಡೆಲ್ ಬರೆದು ಬಂದವನೇ.

ಕಾವಿಗೋಡೆ

ಈ ಕೋಂತೆ ಯಾರು?

ತುಂಗಾದಂಡೆ

ನಿಕೊಲಾ-ಜಾಕ್ ಕೋಂತೆ, ಆ ಕ್ರೇಯಾನಿಗೆ ಇವನದೇ ಹೆಸರು. ಇವನ ಕಥೆ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಇಷ್ಟ. ಆಗೆಲ್ಲ ಒಳ್ಳೇ ಗ್ರಾಫೈಟ್ ಇಂಗ್ಲೆಂಡಿನಿಂದ ಬರಬೇಕಿತ್ತು. ಯುದ್ಧ ಶುರುವಾಗಿ ಅದು ನಿಂತುಹೋಯ್ತು. ಕೋಂತೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಮಾಡಿ, ಕುಂಬಾರರ ಥರ ಸುಟ್ಟ. ಜೇಡಿ ಹೆಚ್ಚಿದ್ರೆ ಕಡ್ಡಿ ಗಟ್ಟಿ, ಕಡಿಮೆ ಇದ್ರೆ ಮೆತ್ತಗೆ. 1795ರಲ್ಲಿ ಪೇಟೆಂಟ್ ಸಿಕ್ತು. ನಾವು ಅಂಗಡೀಲಿ ಕೇಳೋ ಎಚ್‌ಬಿ, 2ಬಿ ಎಲ್ಲಾ ಅದೇ ಉಪಾಯದ ಮೊಮ್ಮಕ್ಕಳು. ಬಲೂನು ಪ್ರಯೋಗ ಮಾಡ್ತಾ ಜಲಜನಕ ಸಿಡಿದು ಒಂದು ಕಣ್ಣು ಕಳಕೊಂಡಿದ್ದ ಪಾಪ, ಆದರೂ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದ.

ಇದ್ದಿಲುಮೇಷ್ಟ್ರು

ಅಳಿಸೋದು ಹೆಂಗ ಅಂತ ಯಾರೂ ಕೇಳಲಿಲ್ಲ ನೋಡ್ರಿ. ಬ್ರೆಡ್ಡಿನ ತಿರುಳು! ಅಂಚು ತಗದು ನಡುವಿನ ಮೆತ್ತಂದು ಹಿಸುಕಿ ಉಂಡಿ ಮಾಡಿ, ಇದ್ದಿಲಿನ ಮ್ಯಾಲೆ ಒತ್ತಿ ತಗದ್ರ ಕಪ್ಪು ಎದ್ದು ಬರತೈತಿ, ಹಾಳಿ ಹರಿಯೂದಿಲ್ಲ. ನಾ ಹುಡುಗರಿಗೆ ಕಲಿಸಿದ್ದೆ. ಅರ್ಧ ಬ್ರೆಡ್ಡು ಅವರ ಹೊಟ್ಟಿಗೇ ಹೋಗ್ತಿತ್ತು.

ಮಂಜಿನಹನಿ

ರೊಟ್ಟಿ ನಡೀತದಾ ಮೇಷ್ಟ್ರೇ?

ಇದ್ದಿಲುಮೇಷ್ಟ್ರು

ಜೋಳದ ರೊಟ್ಟಿಗೆ ಆ ಅಂಟು ಇಲ್ರಿ. ಅದನ್ನ ಪುಂಡಿಪಲ್ಯ ಹಚ್ಚಿ ತಿನ್ರಿ.

ಕಾವಿಗೋಡೆ

ಚಿತ್ರ ಮುಗಿದ ಮೇಲೆ ಪುಡಿ ಉದುರದ ಹಾಗೆ ಏನು ಮಾಡ್ತಾರೆ? ನನ್ನ ತಂಗಿ ತಲೆಕೂದಲಿಗೆ ಹೊಡೆಯುವ ಸ್ಪ್ರೇ ಹೊಡೀತಾಳೆ.

ಹಳೇಕಾಗದ

ದಯವಿಟ್ಟು ಬೇಡ ಅಂತ ಹೇಳಿ! ಅದು ವರ್ಷಗಳಲ್ಲಿ ಹಳದಿಯಾಗುತ್ತೆ, ಕಾಗದಕ್ಕೂ ಒಳ್ಳೇದಲ್ಲ. ವ್ಯಾನ್ ಗೋ ಹಾಲಿಗೆ ನೀರು ಬೆರೆಸಿ ಚಿತ್ರದ ಮೇಲೆ ಹಾಕ್ತಿದ್ದ. ಆದರೆ ನೀಲಿ ಕಾಗದದ ಮೇಲಿನ ಬಿಳಿ ಚಾಕ್‌ಗೆ ಏನೇ ಹೊಡೆದರೂ ಬಿಳಿ ಮಂಕಾಗುತ್ತೆ, ಕೆಲವು ಸಲ ಮಾಯವೇ ಆಗುತ್ತೆ. ಗಾಜಿನ ಚೌಕಟ್ಟು ಹಾಕಿಸಿ. ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ದಪ್ಪ ಮೌಂಟ್ ಇರಲಿ, ಸಾಕು.

ಬಿಸಿಲಿಗಂತೂ ಇಡಲೇಬೇಡಿ. ತುಂಗಾದಂಡೆಯವರೇ, ಗ್ರೇಯಲ್ಲಿ ಕೋಣೆ ಮಬ್ಬಾಗಿತ್ತಾ?

ತುಂಗಾದಂಡೆ

ತುಂಬ ಮಬ್ಬು. ಕಣ್ಣು ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಮತ್ತೆ ಒಂದು ಹಾಳೆ ನೀಲಿಯಾಗೇ ಇರಲಿಲ್ಲ, ಬೂದು-ಹಸಿರು ಥರ ಇತ್ತು.

ಹಳೇಕಾಗದ

ಹಾಗೇ ಇರಬೇಕು. ಕಾಗದದ ಮೇಲಿನ ಕೃತಿಗಳಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಕೊಡಲ್ಲ, ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲೆ ಪೆಟ್ಟಿಗೆಗೆ ಸೇರಿಸ್ತಾರೆ. ಹಿಂದೆ ಇನ್ನೂರು ವರ್ಷ ಯಾರೋ ಮನೆಯ ಗೋಡೆ ಮೇಲೆ ಬಿಸಿಲಲ್ಲಿ ತೂಗಿದ್ದರೆ ನೀಲಿ ಹಾರಿ, ಕಾಗದ ಕಂದಿ, ನೀವು ನೋಡಿದ ಬಣ್ಣಕ್ಕೆ ಬರುತ್ತೆ. ಆಗ ನಡುವಿನ ಟೋನೇ ಕೆಡುತ್ತೆ. ಕಪ್ಪು, ಬಿಳಿ ಎರಡೂ ಅಲ್ಲೇ ಇರುತ್ತೆ, ಅವೆರಡನ್ನ ಸೇರಿಸ್ತಿದ್ದ ತಂಪು ಹೋಗಿರುತ್ತೆ. ನೋಡಿದರೆ ನನಗೆ ಸಂಕಟ ಆಗುತ್ತೆ.

ಅರಳೀಕಟ್ಟೆ

ಪ್ರೂದೋಂ ಎಂಬ ಈ ಮನುಷ್ಯ ರೋಮ್‌ಗೆ ಕಳಿಸುವ ದೊಡ್ಡ ಸರ್ಕಾರಿ ಬಹುಮಾನ ಗೆದ್ದವನೇ? ಎಲ್ಲೋ ಓದಿದ ನೆನಪು.

ತುಂಗಾದಂಡೆ

ರೋಮ್‌ಗೆ ಹೋಗಿದ್ದು ನಿಜ, 1784ರಿಂದ 1788ರವರೆಗೆ. ಆದರೆ ಪ್ಯಾರಿಸ್ಸಿನ ಬಹುಮಾನದಿಂದಲ್ಲ ಸರ್, ಬುರ್ಗುಂಡಿ ಪ್ರಾಂತ್ಯದ ಬಹುಮಾನದಿಂದ. ಅವನು ಹುಟ್ಟಿದ್ದು ಕ್ಲೂನಿಯಲ್ಲಿ, ಕಲಿತದ್ದು ನಾನಿರೋ ದಿಜೋಂನಲ್ಲಿ, ದೆವೋಜ್ ಅನ್ನೋ ಮೇಷ್ಟ್ರ ಹತ್ತಿರ. ಪ್ರಾಂತ್ಯದ ದುಡ್ಡಲ್ಲಿ ಹೋದ ಮೇಲೆ ಊರಿಗೆ ಏನಾದರೂ ಬರೆದು ಕಳಿಸಬೇಕಲ್ಲ, ರೋಮ್‌ನ ಬಾರ್ಬೆರಿನಿ ಅರಮನೆಯ ಛಾವಣಿ ಚಿತ್ರದ ಒಂದು ಭಾಗವನ್ನ ಕಾಪಿ ಮಾಡಿ ಕಳಿಸಿದ. ಅದು ಇವತ್ತಿಗೂ ಇಲ್ಲಿಯ ವಸ್ತುಸಂಗ್ರಹಾಲಯದ ಮೂರ್ತಿಗಳ ಕೋಣೆಯ ಛಾವಣೀಲಿದೆ. ನಿಜ ಹೇಳಬೇಕಂದ್ರೆ ಅದು ನನ್ನನ್ನ ಅಷ್ಟು ತಟ್ಟಲಿಲ್ಲ. ಕತ್ತು ನೋವು ಬಂತು ಅಷ್ಟೇ. ಕ್ರಾಂತಿಯ ಗಲಾಟೆ ಹೊತ್ತಲ್ಲಿ ಪ್ಯಾರಿಸ್ ಬಿಟ್ಟು ಗ್ರೇ ಹತ್ತಿರದ ರಿನ್ಯಿಯಲ್ಲಿ ಎರಡು ವರ್ಷ ಇದ್ದ, ಅಲ್ಲಿ ಸುತ್ತಮುತ್ತಲ ಜನರ ಚಿತ್ರ ಬರೆದು ಹೊಟ್ಟೆ ಹೊರೆದ.

ಚಿತ್ರಕ್ಕ

ಅವನ ಬಗ್ಗೆ ಮಾತಾಡುವಾಗ ಕಾನ್ಸ್ತಾಂಸ್ ಮೇಯರ್ ಹೆಸರು ಬಿಟ್ಟು ಹೋಗಬಾರದು. ಅವಳು ಸ್ವತಂತ್ರ ಕಲಾವಿದೆ, ಸಲೋಂನಲ್ಲಿ ಚಿತ್ರ ತೋರಿಸಿದವಳು. ಇಬ್ಬರೂ ವರ್ಷಗಟ್ಟಲೆ ಜೊತೆಯಾಗಿ ಕೆಲಸ ಮಾಡಿದ್ರು: ಅವನು ಡ್ರಾಯಿಂಗ್ ಮಾಡೋದು, ಅವಳು ಬಣ್ಣದಲ್ಲಿ ತರೋದು. ಅವಳ ‘ಸುಖದ ಕನಸು’ 1819ರದ್ದು, ಲೂವ್ರ್‌ನಲ್ಲಿದೆ. 1821ರಲ್ಲಿ ಅವಳು ತನ್ನ ಜೀವ ತಾನೇ ತೆಗೆದುಕೊಂಡಳು. ಎರಡೇ ವರ್ಷಕ್ಕೆ ಅವನೂ ಹೋದ. ಆಮೇಲೆ ಅವಳ ಕೆಲವು ಚಿತ್ರಗಳನ್ನ ಅವನ ಹೆಸರಲ್ಲಿ ಮಾರಿದ್ದೂ ಇದೆ. ಅವನ ಗೆರೆ ಎಷ್ಟು ಇಷ್ಟವೋ, ಇದು ನನಗೆ ಅಷ್ಟೇ ನೋವು.

ಇನ್ನೊಂದು: ಬೋಜಾರ್ ಹೆಂಗಸರನ್ನ ಸೇರಿಸಿಕೊಂಡದ್ದು 1900ರಲ್ಲಿ. ಅಲ್ಲಿವರೆಗೆ ಲೈಫ್ ಸ್ಟಡಿ ಬಾಗಿಲೇ ಮುಚ್ಚಿತ್ತು.

ಹಳೇಕಾಗದ

1897 ಚಿತ್ರಕ್ಕ.

ಚಿತ್ರಕ್ಕ

ಹೌದು, 1897. ತಿದ್ದಿದ್ದಕ್ಕೆ ಧನ್ಯವಾದ. ಅದಕ್ಕೂ ಮುಂಚೆ ಹೆಂಗಸರಿಗೆ ಇದ್ದದ್ದು ಅಕಾದೆಮಿ ಜ್ಯೂಲಿಯಾಂನಂಥ ಖಾಸಗಿ ಶಾಲೆಗಳು, ಅದು 1868ರಲ್ಲಿ ಶುರುವಾದದ್ದು. ಫೀಸು ಮಾತ್ರ ಗಂಡಸರಿಗಿಂತ ಜಾಸ್ತಿ.

ಕಾವಿಗೋಡೆ

ಜ್ಯೂಲಿಯಾಂ! ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕಲಿತದ್ದು ಅಲ್ಲಿಯೇ ಅಲ್ವಾ? ಜೆ.ಜೆ. ಮುಗಿಸಿ ಆಮೇಲೆ ಪ್ಯಾರಿಸ್ಸಿಗೆ ಹೋದದ್ದು.

ಇದ್ದಿಲುಮೇಷ್ಟ್ರು

ಹೌದ್ರಿ, 1949ರ ಸುಮಾರಿಗೆ. ಅವರ ಕುಣಿಯೋ ಮಂದಿಯ ಗೆರೆಚಿತ್ರ ನೋಡ್ರಿ, ಒಂದ ಗೆರಿಯೊಳಗ ಇಡೀ ಮೈ ಭಾರ ಯಾವ ಕಾಲ ಮ್ಯಾಲೆ ಐತಿ ಅನ್ನೋದು ತಿಳೀತೈತಿ. ಅದು ಸುಮ್ನ ಬಂದದ್ದಲ್ಲ. ಲೈಫ್ ಸ್ಟಡಿ ಕುಂತು ಮಾಡಿದ ಕೈ ಅದು. ಆಮ್ಯಾಲೆ ಶೇಡಿಂಗ್ ಬಿಟ್ರು, ಗೆರಿ ಉಳಿಸಿಕೊಂಡ್ರು.

ಕ್ಯಾನ್ವಾಸು

ಮೇಷ್ಟ್ರೇ, ಈ ವಾರ ಟ್ಯಾಬ್ಲೆಟ್ ಪಕ್ಕಕ್ಕಿಟ್ಟು ನಾನೂ ಕಾಗದದ ಮೇಲೆ ಪ್ರಯತ್ನ ಮಾಡ್ತೀನಿ. ಬೆಂಗಳೂರಲ್ಲಿ ಒರಟು ನೀಲಿ ಹಾಳೆ ಸಿಗುತ್ತಾ?

ಚಿತ್ರಕ್ಕ

ಆರ್ಟ್ ಸಾಮಾನಿನ ಅಂಗಡೀಲಿ ಪ್ಯಾಸ್ಟೆಲ್ ಪೇಪರ್ ಅಂತ ಕೇಳಿ, ಬೂದು-ನೀಲಿ ಆರಿಸಿಕೊಳ್ಳಿ. ಕಡುನೀಲಿ ಬೇಡ, ಕಪ್ಪು ಕಾಣದೆ ಹೋಗುತ್ತೆ. ಒರಟು ಮುಖ ಯಾವುದು ಅಂತ ಬೆರಳಾಡಿಸಿ ನೋಡಿ ಬರೀರಿ. ಮೊದಲು ಒಂದು ಮೊಟ್ಟೆ ಇಟ್ಟುಕೊಂಡು ಬರೀರಿ, ಮೈ ಆಮೇಲೆ.

ತುಂಗಾದಂಡೆ

ನಾಲ್ಕು ದಿನ ಬಿಟ್ಟು ಬರೀತಿದ್ದೀನಿ. ಎರಡು ಸ್ಟಂಪ್ ಇಟ್ಟುಕೊಂಡೆ. ಮೈ ಬಿಟ್ಟು ಬರೀ ಒಂದು ಭುಜ ಮಾತ್ರ ತಗೊಂಡೆ. ನೆರಳಿಗೆ ಕಪ್ಪು ಹರಡಿ, ಮೇಲೆ ಗೆರೆ ಎಳೆದು, ಬಿಳಿ ಚಾಕ್ ಕೈಗೆತ್ತಿಕೊಂಡವಳು ಮತ್ತೆ ಕೆಳಗಿಟ್ಟೆ, ಒಂದು ಪೂರ್ತಿ ಸಂಜೆ ಬಿಳಿ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ನೋಡಿದಾಗ ಭುಜದ ದುಂಡು ಆಗಲೇ ಅರ್ಧ ಬಂದಿತ್ತು, ಕಾಗದದಿಂದಲೇ. ಆಮೇಲೆ ಭುಜದ ಎಲುಬಿನ ತುದೀಲಿ ಏಳೋ ಎಂಟೋ ಬಿಳಿ ಗೆರೆ. ಅಷ್ಟೇ.

ಫೋಟೋ ಹಾಕಿದ್ದೀನಿ, ನೋಡಿ. ತೋಳು ಭುಜಕ್ಕೆ ಸೇರೋ ಕಡೆ ಇನ್ನೂ ಬೂದಿ ಇದೆ ಅಂತ ನನಗೆ ಗೊತ್ತು.

ಇದ್ದಿಲುಮೇಷ್ಟ್ರು

ಬೂದಿ ಐತಿ, ಆದ್ರ ಭುಜ ಐತಿ ನೋಡವಾ ತಂಗಿ! ಆ ಕೂಡೋ ಜಾಗದಾಗ ಬ್ರೆಡ್ಡು ಒತ್ತಿ ಬೂದಿ ತಗೀರಿ, ಕಾಗದ ಕಾಣಲಿ. ಆಮ್ಯಾಲೆ ಕಪ್ಪಿನ ಎರಡ ಗೆರಿ ತೋಳಿನ ಸುತ್ತ ಹಾಕ್ರಿ, ಉದ್ದಕ್ಕ ಬ್ಯಾಡ. ಮಾಡಿ ಮತ್ತ ಹಾಕ್ರಿ, ನಾ ದಿನಾ ಸಂಜಿಕೆ ನೋಡ್ತಿರತೀನಿ.

ಮಂಜಿನಹನಿ

ಆ ಎಂಟು ಗೆರೆ ಹತ್ತಿರದಿಂದ ಒಂದು ಫೋಟೋ ಹಾಕಿ ಅಕ್ಕ.